ತಂಗಿಯ ಕೊರಳು

ನನ್ನ ಕತ್ತಿನ ಗಂಟನ್ನು ಮೊದಲು ಕಂಡವರು ಹೊಳೆನರಸೀಪುರದ ನನ್ನ ಶಾಲೆಯ ಮಕ್ಕಳು. ಟೀಚರ್ ನೀರು ಕುಡಿದರೆ ಕತ್ತಿನಲ್ಲಿ ಏನೋ ಮೇಲೆ ಕೆಳಗೆ ಓಡಾಡುತ್ತದೆ ಎಂದು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದರು. ರಕ್ತ ಪರೀಕ್ಷೆ ಸರಿಯಾಗಿ ಬಂತು. ಅಷ್ಟು ಸಾಕೆಂದುಕೊಂಡು ಎರಡು ವರ್ಷ ಸೆರಗು ಹೊದ್ದು ಪಾಠ ಮಾಡಿದೆ. ದನಿ ಒಡೆಯತೊಡಗಿದ ಮೇಲೆ ಹಾಸನಕ್ಕೆ ಹೋಗಿ ಅಲ್ಟ್ರಾಸೌಂಡ್ ಮಾಡಿಸಿದೆ. ಅಷ್ಟರಲ್ಲಿ ಥೈರಾಯ್ಡ್ ಕ್ಯಾನ್ಸರ್ ದನಿಯ ನರಕ್ಕೂ ಅಂಟಿಕೊಂಡಿತ್ತು. ಗ್ರಂಥಿ ಪೂರ್ತಿ ತೆಗೆದರು. ನಾನು ಉಳಿದೆ, ದನಿ ಉಳಿಯಲಿಲ್ಲ. ಈಗ ಮಿಕ್ಕಿರುವ ಪಿಸುದನಿಗೆ ಮೈಕು ಹಿಡಿದು, ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡು ಪಾಠ ಮಾಡುತ್ತೇನೆ.

ನನ್ನ ತಂಗಿ ಅರಕಲಗೂಡಿನ ಹತ್ತಿರ ಶುಂಠಿ, ಹೊಗೆಸೊಪ್ಪು ಬೆಳೆಯುವವರ ಮನೆಯ ಸೊಸೆ. ಮದುವೆಗಳಲ್ಲಿ ಸೋಬಾನೆ ಹಾಡಲು ಅವಳನ್ನೇ ಕರೆಯುತ್ತಾರೆ. ಚಿಕ್ಕಂದಿನಲ್ಲಿ ಹಳೇಕೋಟೆಯ ನಮ್ಮ ಮನೆಗೆ ನೆಂಟರು ಬಂದರೆ ಅವಳನ್ನು ಕೂರಿಸಿ ಹಾಡಿಸುತ್ತಿದ್ದರು, ನನ್ನ ಕೈಗೆ ಕಾಫಿ ತಟ್ಟೆ ಕೊಡುತ್ತಿದ್ದರು. ಮುಂದೆ ತರಗತಿಯಲ್ಲಿ ನಲವತ್ತು ಮಕ್ಕಳು ನನ್ನ ಒಂದು ಮಾತಿಗೆ ಸುಮ್ಮನಾದಾಗ ಆ ಹೊಟ್ಟೆಯುರಿ ಆರಿತು ಎಂದುಕೊಂಡಿದ್ದೆ.

ನಮ್ಮ ಅಮ್ಮನಿಗೂ ಇದೇ ಕ್ಯಾನ್ಸರ್ ಆಗಿತ್ತೆಂದು ಕೇಳಿದ, ನನ್ನ ಆಪರೇಷನ್ ಮಾಡಿದ್ದ ಹಾಸನದ ಡಾಕ್ಟರಮ್ಮ, ತಂಗಿಯನ್ನೂ ಒಮ್ಮೆ ತೋರಿಸಿ ಎಂದರು. ತನಗೇನೂ ಆಗಿಲ್ಲ ಎಂದು ಹಟ ಹಿಡಿದವಳನ್ನು ನಾನೇ ಹಾಸನಕ್ಕೆ ಕರೆದೊಯ್ದೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಿದ್ದವರೆಲ್ಲ ಬಸುರಿಯರು. ಈ ವಯಸ್ಸಿನಲ್ಲಿ ತಾನೂ ಬಸುರಿ ಅಂದುಕೊಂಡಾರು ಎಂದು ಅವಳು ಮುಖ ತಗ್ಗಿಸಿ ಕೂತಳು. ಒಳಗೆ ಅವಳ ಕತ್ತಿಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿ ಆಡಿಸುತ್ತಿದ್ದ ಡಾಕ್ಟರು ಒಂದು ಕಡೆ ನಿಲ್ಲಿಸಿದರು. ಕೈಗೆ ಸಿಗದ, ಕಣ್ಣಿಗೆ ಕಾಣದ ಗಂಟು ಪರದೆಯ ಮೇಲೆ ಕಡಲೆಕಾಳಿನ ಗಾತ್ರದಲ್ಲಿ ಕಪ್ಪಗೆ ಕಂಡಿತು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಅದೂ ಕ್ಯಾನ್ಸರೇ.

"ಬೇಗ ಸಿಕ್ಕಿದೆ. ಅರ್ಧ ಗ್ರಂಥಿ ತೆಗೆದರೆ ಸಾಕು. ನಿಮ್ಮದು ಅದೃಷ್ಟ" ಎಂದರು ಡಾಕ್ಟರಮ್ಮ.

ತಂಗಿ ಅಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತಿದ್ದೆ. ಆದರೆ ಮನಸ್ಸು ಆ ಅದೃಷ್ಟ ಎಂಬ ಮಾತಿನ ಹತ್ತಿರವೇ ನಿಂತಿತ್ತು. ಕಾಯಿಲೆಯಲ್ಲೂ ಒಳ್ಳೆಯ ಪಾಲು ಅವಳಿಗೇ ಬಂತಲ್ಲ ಎನ್ನಿಸಿತು.

ಆಪರೇಷನ್ ದಿನ ಅವಳ ಹಾಸಿಗೆಯ ಪಕ್ಕ ನಾನೇ ಇದ್ದೆ. ಮಂಪರು ಇಳಿಯುವುದನ್ನು, ಅವಳು ಬಾಯಿ ತೆರೆಯುವುದನ್ನು ಕಾಯುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ: ಅವಳ ದನಿಯೂ ಒಡೆದಿರಲಿ ಎಂದು ಒಂದು ಗಳಿಗೆ ಬಯಸಿದೆ. "ಅಕ್ಕ, ನೀರು" ಎಂದಳು. ಕೊಂಚ ಬಳಲಿದ್ದರೂ ಅದೇ ದನಿ. ಲೋಟ ಹಿಡಿದು ನೀರು ಕುಡಿಸುವಾಗ ನನಗೆ ಅಳು ಬಂತು. ನರ್ಸ್ ನನ್ನ ಕಣ್ಣೀರು ನೋಡಿ, ಖುಷಿಗೆ ಅಳ್ತಿದ್ದಾರೆ ಪಾಪ ಎಂದಳು.

ಆರು ತಿಂಗಳ ಮೇಲೆ ಚನ್ನರಾಯಪಟ್ಟಣದ ಛತ್ರವೊಂದರಲ್ಲಿ ನೆಂಟರ ಮದುವೆ. ತಂಗಿ ಹಾಡಿದಳು. ಮುಗಿದ ಮೇಲೆ ಹೆಂಗಸರೆಲ್ಲ ಅವಳ ಕೈ ಹಿಡಿದು ಮೆಚ್ಚಿದರು. ಒಬ್ಬರು ನನ್ನ ಕಡೆ ತಿರುಗಿ, ನಿಮಗೂ ಹೀಗೇ ಬೇಗ ಗೊತ್ತಾಗಿದ್ದರೆ ಎಂದು ಮರುಗಿದರು. ನಾನು ಎದ್ದು ಹಿಂದಿನ ಕೈತೊಳೆಯುವ ಜಾಗಕ್ಕೆ ಹೋದೆ. ತಂಗಿ ಹಿಂದೆಯೇ ಬಂದು ಏನಾಯಿತೆಂದು ಕೇಳಿದಳು. ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ನಾನು ಬಯಸಿದ್ದನ್ನು ಹೇಳಿಬಿಟ್ಟೆ.

ಅವಳು ನಲ್ಲಿ ನಿಲ್ಲಿಸಿದಳು. "ಇದ್ನ ನಂಗ್ಯಾಕೆ ಯೋಳ್ದೆ ಅಕ್ಕ? ನಿನ್ನೊಳ್ಗೇ ಇಟ್ಕೋಬೇಕಿತ್ತು ಕಣ" ಎಂದು ಒಳಗೆ ಹೋದಳು.

ಎರಡು ತಿಂಗಳು ಫೋನಿಲ್ಲ. ನಾನೂ ಮಾಡಲಿಲ್ಲ. ಆಮೇಲೆ ಒಂದು ಭಾನುವಾರ ಅರಕಲಗೂಡಿನ ಬಸ್ಸಿಳಿದು ಮಗಳ ಜೊತೆ ಮನೆಗೆ ಬಂದಳು. ಹುಡುಗಿಗೆ ಹದಿನೇಳು. ಅವಳನ್ನೂ ಡಾಕ್ಟರಮ್ಮನಿಗೆ ತೋರಿಸಬೇಕು, ಒಬ್ಬಳೇ ಹೋಗಲು ಧೈರ್ಯವಿಲ್ಲ ಎಂದಳು.

"ಬೈಯೋದಿದ್ರೆ ಮೊದ್ಲು ಬೈದ್ಬುಡು" ಎಂದೆ.

"ಬೈಯೋಕೆ ಬಂದಿಲ್ಲ. ನೀನು ಎಳ್ಕೊಂಡೋಗ್ದಿದ್ರೆ ನಂದೂ ನಿನ್ನಂಗೇ ಆಗ್ತಿತ್ತು. ಆದ್ರೂ ಕ್ವಾಪ ಓಗಿಲ್ಲ ಕಣಕ್ಕ."

ಮಾರನೇ ದಿನ ಮೂವರೂ ಹಾಸನಕ್ಕೆ ಹೋದೆವು. ಹುಡುಗಿಯ ಕತ್ತಿನ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಹೊರಗೆ ಬಂದು ಹೋಟೆಲಿನಲ್ಲಿ ದೋಸೆ ತಿನ್ನುವಾಗ ತಂಗಿ ಸಮಾಧಾನದಿಂದ ಏನನ್ನೋ ಗುನುಗುತ್ತಿದ್ದಳು. ಹೊಟ್ಟೆಯುರಿ ಈಗಲೂ ಆಯಿತು. ಅವಳು ನನ್ನ ಮುಖ ನೋಡಿದಳು, ಗುನುಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸು ಎಂದು ನಾನೂ ಹೇಳಲಿಲ್ಲ.