ಕಾಫಿಗೆ ಮುಂಚಿನ ಮೂಗು

ಮಲ್ಲೇಶ್ವರದ ಮಧುರಾ ಓದಿದ್ದು ರಸಾಯನಶಾಸ್ತ್ರ. ಎರಡು ಕಡೆ ಪ್ರತಿಕ್ರಿಯಿಸಬಲ್ಲ ಅಣುವನ್ನು ಒಂದೇ ಕಡೆ ಪ್ರತಿಕ್ರಿಯಿಸುವಂತೆ ಒಲಿಸುವುದು ಅವಳ ಪಿಎಚ್‌.ಡಿ. ಕೆಲಸ. ಮದುವೆಯಾದ ಮೇಲೆ ಅದೇನೂ ಅಪರೂಪದ ವಿದ್ಯೆಯಲ್ಲ ಅನ್ನಿಸಿತಂತೆ. ಗಂಡ ಶ್ರೀಹರಿ ಅಡುಗೆಮನೆಯಿಂದ ಬರುವ ಹತ್ತು ಕರೆಗಳಲ್ಲಿ ‘ಊಟಕ್ಕೆ ಬಾ’ ಒಂದಕ್ಕೇ ಪ್ರತಿಕ್ರಿಯಿಸುತ್ತಾನೆ. ಈಗ ಅವಳ ಸಂಶೋಧನೆ ತಿಂಡಿ ಕಟ್ಟುವ ಪ್ಲಾಸ್ಟಿಕ್ ಹಾಳೆಗಳ ಮೇಲೆ: ಯಾವುದರೊಳಗಿಂದ ಏನು, ಎಷ್ಟು ದಿನಕ್ಕೆ ನುಸುಳಿ ಆಚೆ ಬರುತ್ತದೆ ಅನ್ನುವುದು.

ಅತ್ತೆ ಆಂಡಾಳ್ ಮೂವತ್ತು ವರ್ಷದಿಂದ ಸುತ್ತಲಿನ ನಲವತ್ತು ಮನೆಗೆ ಸಾರಿನ ಪುಡಿ ಮಾಡಿಕೊಡುತ್ತಾರೆ. ಮೊದಲು ಜನ ತಾವೇ ಡಬ್ಬಿ ತರುತ್ತಿದ್ದರು. ಹೋದ ವರ್ಷದಿಂದ ಶ್ರೀಹರಿ ಮಾಮೂಲ್‌ಪೇಟೆಯಿಂದ ತಂದ ಮಾಮೂಲಿ ಪ್ಲಾಸ್ಟಿಕ್ ಕವರು. ಆಮೇಲೆ ಶುರುವಾಯಿತು ದೂರು. ಎದುರು ಮನೆಯ ಪರಮಶಿವಯ್ಯನವರು, ಬಹಳ ಮರ್ಯಾದಸ್ಥರು, ಪುಡಿ ಈಚೆಗೆ ಸ್ವಲ್ಪ ಮೌನವಾಗಿದೆ ಅಂದರು.

ಆಂಡಾಳ್ ಅವತ್ತು ಊಟ ಮಾಡಲಿಲ್ಲ. ಮಾಡಿದ ದಿನ ತಮಗೆ ಘಮ ಬರುತ್ತದೆ, ತಿನ್ನುವವರಿಗೆ ಬರೋದಿಲ್ಲ. ಅಂದಮೇಲೆ ವಯಸ್ಸಾದ ಮೂಗು ಸುಳ್ಳು ಹೇಳುತ್ತಿದೆ ಅಂತ ತೀರ್ಮಾನಿಸಿದರು. ಯುಗಾದಿಗೆ ಕೊನೇ ಪುಡಿ, ಆಮೇಲೆ ಒಲೆಗೆ ರಜ. ಸೊಸೆ ಎಂದಿನಂತೆ “ಘಮ್ ಅಂತಿದೆ ಅಮ್ಮ” ಅಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧುರಾಗೆ ಅನುಮಾನ ಕವರಿನ ಮೇಲೆ. ತೆಳು ಪ್ಲಾಸ್ಟಿಕ್ಕು ತೇವವನ್ನೇನೋ ತಡೆಯುತ್ತದೆ. ಇಂಗು, ಕೊತ್ತಂಬರಿಯ ಪರಿಮಳ ಮಾತ್ರ ಅದರಲ್ಲೇ ಕರಗಿ, ಒಂದೂ ತೂತಿಲ್ಲದೆ, ಆಚೆ ನಡೆದುಬಿಡುತ್ತದೆ. ಆದರೆ ಲ್ಯಾಬಿನ ಯಂತ್ರ ಹೇಳಿದ್ದನ್ನು ಅತ್ತೆ ನಂಬುವವರಲ್ಲ. ಅವರ ಮೂಗೇ ಹೇಳಬೇಕಿತ್ತು.

ಒಂದೇ ಥರದ ಮೂರು ಸ್ಟೀಲ್ ಡಬ್ಬಿ ತಂದಳು. ಒಂದನೆಯದರಲ್ಲಿ ಮಾಮೂಲಿ ಕವರಿನಲ್ಲಿ ಅಂಟಿಸಿದ ಪುಡಿ, ಎರಡನೆಯದರಲ್ಲಿ ಪದರ ಪದರದ ಬೇರೆ ಹಾಳೆಯಲ್ಲಿ ಅಂಟಿಸಿದ ಪುಡಿ. ಮೂರನೆಯದರ ಗುಟ್ಟು ಯಾರಿಗೂ ಹೇಳಲಿಲ್ಲ. ದಿನಾ ಬೆಳಗ್ಗೆ ಅತ್ತೆ ಕಣ್ಣು ಮುಚ್ಚಿ ಮುಚ್ಚಳ ತೆಗೆದು ಮೂಸಬೇಕು, ಅದೂ ಕಾಫಿ ಕುಡಿಯುವ ಮುಂಚೆ. ವಿಜ್ಞಾನಕ್ಕಾಗಿ ಆಂಡಾಳ್ ಮಾಡಿದ ಅತಿ ದೊಡ್ಡ ತ್ಯಾಗ ಅದೇ.

ಎರಡನೇ ದಿನವೇ ಒಂದನೇ ಡಬ್ಬಿಯಿಂದ ಇಂಗು ಬಂತು. ಎರಡನೆಯದು ಎಂಟು ದಿನವಾದರೂ ಬಾಯಿ ಬಿಡಲಿಲ್ಲ. ಎಂಟನೇ ಬೆಳಗ್ಗೆ ಮೂರನೆಯದನ್ನು ಮತ್ತೆ ಮತ್ತೆ ಮೂಸಿದ ಆಂಡಾಳ್ ಕಣ್ಣು ಬಿಟ್ಟರು.

“ಇದರಲ್ಲಿ ಪುಡೀನೇ ಇಲ್ಲ ಕಣೇ. ಮಾಮೂಲಿ ಕವರಲ್ಲಿ ಬರೀ ಅಕ್ಕಿತರಿ ಇಟ್ಟಿದೀಯ. ನಾನು ಸುಳ್ಳು ಸುಳ್ಳೇ ವಾಸನೆ ಬಂತು ಅಂತೀನೇನೋ ಅಂತ ಪರೀಕ್ಷೆ ಮಾಡಿದ್ಯಾ?”

ಮಧುರಾ ತಲೆ ತಗ್ಗಿಸಿದಳು.

“ಹೂಂ. ನಿಮ್ಮ ಮೂಗು ಸರಿಯಾಗೇ ಇದೆ ಅಮ್ಮ, ತಪ್ಪು ಕವರಿಂದು.”

“ನನ್ನ ಹತ್ರ ಯಾಕೆ ಬಂದೆ? ನೀನೇ ಮೂಸಿ ಹೇಳಬಹುದಿತ್ತಲ್ಲ.”

“ನನಗೆ ವಾಸನೇನೇ ಬರಲ್ಲ ಅಮ್ಮ. ಆವತ್ತು ಜ್ವರ ಬಂದಿತ್ತಲ್ಲ, ಆಗಿಂದ. ನೀವು ಬೇಜಾರು ಮಾಡ್ಕೋತೀರ ಅಂತ ದಿನಾ ಘಮ್ ಅಂತಿದೆ ಅಂತಿದ್ದೆ.”

ಜ್ವರ ಬಂದು ನಾಲ್ಕು ವರ್ಷವಾಗಿತ್ತು. ಆಂಡಾಳ್ ಲೆಕ್ಕ ಹಾಕುವವರಂತೆ ಅವಳನ್ನೇ ನೋಡುತ್ತಾ ನಿಂತರು. ಆಮೇಲೆ ಕಾಫಿಗೆ ಹಾಲಿಟ್ಟರು. ಎರಡು ಲೋಟ ತಂದರು.

ಯುಗಾದಿ ಕಳೆದ ಮರುವಾರ ಮತ್ತೆ ಬಾಣಲೆ ಒಲೆಯೇರಿತು. ಆಂಡಾಳ್ ಸೊಸೆಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಸೌಟು ಆಡಿಸಿದರು.

“ಕೊತ್ತಂಬರಿ ಈಗ ಎದ್ದಿದೆ. ಮೆಂತ್ಯ ಇನ್ನೂ ಮಲಗಿದೆ, ಸೋಮಾರಿ. ತಡಿ, ತಡಿ... ಹಾಂ, ಜೀರಿಗೆ ಬಂತು ನೋಡು, ಎಲ್ಲರನ್ನೂ ತಳ್ಕೊಂಡು.”

ಮಧುರಾ ಬಾಣಲೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡಳು. “ಆಮೇಲೆ?” ಅಂದಳು.