ಮಸಿಯಕ್ಕನ ಸಹಿ

ಬೆಳಿಗ್ಗೆ ಒಂಬತ್ತಕ್ಕೆ ಮಸಿಯಕ್ಕ ಟೈಲರಮ್ಮನ ಮನೆಯ ನಡುಕೋಣೆಯಲ್ಲಿ ಮಂಡಿಯೂರಿ, ಚಳಿ ಕಾಯುವ ಒಲೆಯ ಬಾಯಿಗೆ, ಮಸಿ ಹೊರಬೀಳದಂತೆ ಬಟ್ಟೆ ಕಟ್ಟುತ್ತಿದ್ದರು. ಹಳೆಯ ದಪ್ಪ ಪರದೆ ಅದು. ಸುತ್ತಲೂ ಟೇಪು, ನಡುವೆ ಸರಳು ತೂರಿಸಲು ಒಂದು ಕಿಂಡಿ. ಕಿಂಡಿಯ ಅಂಚನ್ನು ಅವರೇ ಹೊಲಿದಿದ್ದಾರೆ. ಆ ಹೊಲಿಗೆ ಕಂಡಾಗಲೆಲ್ಲ ಟೈಲರಮ್ಮನ ಕೈ ತುರಿಸುತ್ತದೆ. ಬಿಚ್ಚಿ ಸರಿಯಾಗಿ ಹೊಲಿದುಕೊಡುತ್ತೇನೆಂದು ಅವರು ಪ್ರತಿ ವರ್ಷ ಹೇಳುತ್ತಾರೆ, ಮಸಿಯಕ್ಕ ಪ್ರತಿ ವರ್ಷ ಬೇಡವೆನ್ನುತ್ತಾರೆ.

ಕೋಣೆಯ ಇನ್ನೊಂದು ಮೂಲೆಯಲ್ಲಿ ಟೈಲರಮ್ಮನ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ವಯಸ್ಸು ಎಂಬತ್ತೊಂದು. ಚಿಮಣಿ ಕ್ಲೀನ್ ಮಾಡುವ ದಿನ ಅವರನ್ನು ಬೇರೆ ಕೋಣೆಗೆ ಕಳಿಸುವ ಪ್ರಯತ್ನವನ್ನು ಸೊಸೆ ಬಿಟ್ಟು ಬಹಳ ಕಾಲವಾಗಿದೆ. ತನ್ನ ಕಣ್ಣೆದುರು ಆಗದ ಕೆಲಸ ಕೆಲಸವೇ ಅಲ್ಲ ಎಂಬುದು ಅತ್ತೆಯ ನಂಬಿಕೆ.

ಮಸಿಯಕ್ಕ ಬ್ರಷ್ಷನ್ನು ಕಿಂಡಿಯೊಳಗೆ ತೂರಿಸಿ, ಒಂದರ ಹಿಂದೆ ಒಂದು ಸರಳು ಜೋಡಿಸುತ್ತ ಮೇಲಕ್ಕೆ ತಳ್ಳಿದರು. ಏಳು ಸರಳಿನ ಚಿಮಣಿ. ಬ್ರಷ್ ಮೇಲೆ ಹೋಗುವಾಗ ಸಲೀಸಾಗಿ ಹೋಯಿತು. ಕೆಳಗೆ ಎಳೆಯುವಾಗ ಮಾತ್ರ ಹೆಜ್ಜೆಹೆಜ್ಜೆಗೂ ತಡೆಯಿತು, ಬೆಕ್ಕಿನ ಬೆನ್ನನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗೆ. ಈ ಮನೆಯಲ್ಲಿ ಮೊದಲಿಂದಲೂ ಹೀಗೆಯೇ. ಚಿಮಣಿ ಎಲ್ಲೋ ಸ್ವಲ್ಪ ವಾಲಿರಬೇಕೆಂದು ಅವರು ತಿಳಿದಿದ್ದರು. ಬಟ್ಟೆಯ ಹಿಂದೆ ಮಸಿ ಸುರಿಯುವ ಸದ್ದು ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿತು.

ಈ ಊರಿನ ಹಳೆಯ ಬೀದಿಗಳಲ್ಲಿ ಮನೆಗಳಿಗೆ ನೂರರ ಮೇಲೆ ವಯಸ್ಸು. ಇಟ್ಟಿಗೆಯ ಚಿಮಣಿಗಳು ಹೊರಗಿನಿಂದ ನೆಟ್ಟಗೆ ಕಂಡರೂ ಒಳಗಿನ ಗಾರೆ ಉದುರಿಹೋಗಿರುತ್ತದೆ. ಬಿರುಕಿನಿಂದ ಹೊಗೆ, ಕಿಡಿ ಕೋಣೆಗಳಿಗೆ ನುಗ್ಗಬಾರದೆಂದು ಒಳಗೊಂದು ಕೊಳವೆ ಇಳಿಸುತ್ತಾರೆ. ಹಿಂದೆ ಸುಟ್ಟ ಮಣ್ಣಿನದು ಇರುತ್ತಿತ್ತು, ಈಗ ಬಳುಕುವ ಸ್ಟೀಲಿನದು. ಎಲ್ಲರೂ ಅದನ್ನು ಲೈನರ್ ಎನ್ನುತ್ತಾರೆ. ಇಟ್ಟಿಗೆಯ ಚಿಮಣಿ ಅಂಗಿಯಾದರೆ ಇದು ಬನಿಯನ್ ಎನ್ನುವುದು ಮಸಿಯಕ್ಕನ ವಿವರಣೆ: ಬೆವರು ಹೀರುವುದು ಅದು, ಒಗೆಯಬೇಕಾದದ್ದೂ ಅದನ್ನೇ.

ವರ್ಷಕ್ಕೊಮ್ಮೆ ಲೈನರ್ ಕ್ಲೀನ್ ಮಾಡಿಸಿ, ನೋಂದಾಯಿತ ಕೆಲಸಗಾರರ ಸಹಿಯಿರುವ ಕಾಗದ ಪಡೆಯದೆ ಇಲ್ಲಿ ಯಾರೂ ಚಳಿಗಾಲಕ್ಕೆ ಒಲೆ ಹಚ್ಚುವಂತಿಲ್ಲ. ಅಗ್ನಿಶಾಮಕ ಕಚೇರಿಯ ಪುಸ್ತಕದಲ್ಲಿ ಈ ಊರಿನದೆಂದು ಇರುವುದು ಒಂದೇ ಸಹಿ, ಮಸಿಯಕ್ಕನದು. ಆ ಸಹಿ ಇಲ್ಲದಿದ್ದರೆ ಅವರು ಬ್ರಷ್ ಹಿಡಿದ ಒಬ್ಬ ಹೆಂಗಸು, ಅಷ್ಟೆ.

ಅವರಿಗೀಗ ಐವತ್ತಾರು. ಈ ಕೆಲಸ ಮಾವನಿಂದ ಬಂದದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಮಾಡಿನ ಮೇಲೆ, ಇವರು ಕೆಳಗೆ. ದಿನದ ಮಾತುಕತೆಯೆಲ್ಲ ಚಿಮಣಿಯ ಮೂಲಕವೇ. ಒಮ್ಮೆ ಒಬ್ಬ ವಕೀಲರ ಮನೆಯಲ್ಲಿ, ನಾದಿನಿಗೆ ಕೊಟ್ಟ ಕುಕ್ಕರಿನ ವಿಷಯಕ್ಕೆ ಗಂಡಹೆಂಡತಿ ಹೀಗೆ ಅರ್ಧ ಗಂಟೆ ಜಗಳವಾಡಿದರು. ಮಹಡಿಯ ಕೋಣೆಯಲ್ಲೂ ಅದೇ ಚಿಮಣಿಗೆ ಒಂದು ಬಾಯಿ ತೆರೆದಿದೆಯೆಂದು ಇಬ್ಬರಿಗೂ ತಿಳಿದಿರಲಿಲ್ಲ. ವಕೀಲರು ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಂಡಿದ್ದರು. ಹೊರಡುವಾಗ ಬಾಗಿಲವರೆಗೆ ಬಂದು, ತೀರ್ಪು ನಿಮ್ಮ ಕಡೆ ಎಂದು ಮಸಿಯಕ್ಕನಿಗೆ ಹೇಳಿದರಂತೆ. ಹನ್ನೊಂದು ವರ್ಷದ ಹಿಂದೆ ಗಂಡನ ಮಂಡಿ ಕೈಕೊಟ್ಟಿತು. ಅಂದಿನಿಂದ ಮೇಲೂ ಇವರೇ, ಕೆಳಗೂ ಇವರೇ.

ಸರಳು ಬಿಚ್ಚಿಟ್ಟ ಮೇಲೆ ಟೈಲರಮ್ಮ ಅವರನ್ನು ಮಹಡಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಹೊಲಿಗೆ ಕೋಣೆ. ಎರಡು ಯಂತ್ರ, ಕತ್ತರಿಸುವ ಮೇಜು, ಮತ್ತು ಚಿಮಣಿ ಹಾದುಹೋಗುವ ಗೋಡೆಗೆ ಒರಗಿಸಿ ಪೇರಿಸಿದ ಬಟ್ಟೆಯ ಸುರುಳಿಗಳು. ಒಲೆ ಹಚ್ಚಿದಾಗ ಆ ಗೋಡೆ ಬೆಚ್ಚಗಿರುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುವುದಿಲ್ಲ. ಟೈಲರಮ್ಮ ಒಂದು ಬಿಳಿ ಸುರುಳಿ ತಿರುಗಿಸಿ ತೋರಿಸಿದರು. ಅಂಚಿನಲ್ಲಿ ಕಂದು ಗೆರೆ. ಗೋಡೆಯಲ್ಲೂ ಅದೇ ಕಂದು, ಅಂಗೈಯಗಲ. ಮಸಿಯಕ್ಕ ಅದನ್ನು ಬೆರಳಿನಿಂದ ಮುಟ್ಟಿ, ಮೂಸಿ ನೋಡಿದರು. ಡಾಂಬರಿನ ವಾಸನೆ. ಲೈನರಿನ ಒಳಗೇ ಇರಬೇಕಾದ ವಾಸನೆ.

ಏಣಿ ಹಾಕಿ ಮಾಡು ಹತ್ತಿದರು. ಚಿಮಣಿಯ ತಗಡಿನ ಟೋಪಿ ಕಳಚಿ, ಅದರಡಿಯ ಪಟ್ಟಿ ಸಡಿಲಿಸಿ, ಲೈನರಿನ ತುದಿಯನ್ನು ಚಿಂದಿಯಿಂದ ಒರೆಸಿದರು. ಕೊಳವೆಯ ಹೊರಮೈ ಮೇಲೆ ಅಚ್ಚೊತ್ತಿದ ಬಾಣದ ಗುರುತು ಕಂಡಿತು. ಬಾಣ ಕೆಳಮುಖವಾಗಿತ್ತು.

ಸ್ಟೀಲಿನ ಲೈನರ್ ಒಂದೇ ತಗಡಿನ ಕೊಳವೆಯಲ್ಲ. ಪಟ್ಟಿಯನ್ನು ಸುತ್ತಿಸುತ್ತಿ, ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ ಮಾಡಿದ್ದು. ಒಳಗಿನ ಅಂಚುಗಳು ಕೆಳಮುಖವಾಗಿದ್ದರೆ, ಹೊಗೆಯಿಂದ ಇಳಿಯುವ ತೇವ ಹೆಂಚಿನ ಮೇಲಿನ ನೀರಿನಂತೆ ಜಾರಿ ಒಲೆಗೆ ಬಂದು ಸುಟ್ಟುಹೋಗುತ್ತದೆ. ತಲೆಕೆಳಗಾಗಿ ಕೂರಿಸಿದರೆ ಪ್ರತಿ ಅಂಚೂ ಒಂದೊಂದು ಪುಟ್ಟ ಬಟ್ಟಲು. ಮಸಿ ಅಲ್ಲೇ ಕೂರುತ್ತದೆ, ಬ್ರಷ್ ಎಳೆದರೆ ತಡೆಯುತ್ತದೆ, ತೇವ ಅಂಚಿನ ಸಂದಿಯಿಂದ ಹೊರಗೆ ಜಿನುಗಿ ಇಟ್ಟಿಗೆಗೆ ಅಂಟುತ್ತದೆ. ಹೀಗೆ ಅಂಟಿದ ಡಾಂಬರನ್ನು ಬ್ರಷ್ ಮುಟ್ಟುವುದಿಲ್ಲ, ಒಂದು ದಿನ ಅದಕ್ಕೆ ಬೆಂಕಿ ಹತ್ತಿದರೆ ನೀರೂ ಮುಟ್ಟುವುದಿಲ್ಲ. ಅದರ ಪಕ್ಕದಲ್ಲೇ, ಒಂದು ಇಟ್ಟಿಗೆಯ ಆಚೆ, ಟೈಲರಮ್ಮನ ಬಟ್ಟೆ.

ಬಾಣ ಹೊಗೆ ಹೋಗುವ ದಿಕ್ಕು ತೋರಿಸುತ್ತದೆ. ಅದು ಮೇಲಕ್ಕಿರಬೇಕು. ಒಂಬತ್ತು ವರ್ಷದ ಹಿಂದೆ ಇದು ಮಸಿಯಕ್ಕನಿಗೆ ಗೊತ್ತಿರಲಿಲ್ಲ. ಮಾವ ಕಲಿಸಿದ್ದೆಲ್ಲ ಮಣ್ಣಿನ ಕೊಳವೆಯ ಕೆಲಸ. ಸ್ಟೀಲು ಆಗಷ್ಟೇ ಊರಿಗೆ ಬಂದಿತ್ತು. ಸುರುಳಿಯನ್ನು ಹೆಗಲ ಮೇಲೆ ಹೊತ್ತು ಮಾಡು ಹತ್ತಿ, ಚಿಮಣಿಯ ಬಾಯಲ್ಲಿ ನಿಂತು ಕೆಳಕ್ಕೆ ಇಳಿಸುವವರ ಕಣ್ಣಿಗೆ ಬಾಣವೊಂದು ಕಂಡರೆ ಅದರ ಅರ್ಥ ಒಂದೇ: ಈ ತುದಿ ಮೊದಲು ಇಳಿಯಲಿ. ಎರಡು ಮನೆಗಳಿಗೆ ಹಾಗೇ ಇಳಿಸಿದರು. ಮೂರನೆಯದಕ್ಕೆ ಬಂದ ಡಬ್ಬಿಯ ಮೇಲೆ ಚಿತ್ರವಿತ್ತು, ಹೊಗೆ, ಬಾಣ, ಎಲ್ಲ ಮೇಲ್ಮುಖ. ಅದನ್ನು ಚಿತ್ರದಂತೆಯೇ ಕೂರಿಸಿದರು.

“ಕಂಪನಿ ಬೇರೆ, ಗುರುತೂ ಬೇರೆ ಅಂದ್ಕೊಂಡೆ,” ಎಂದು ಮಸಿಯಕ್ಕ ಈಗ ಹೇಳುತ್ತಾರೆ. “ಅಂದ್ಕೊಂಡೆನೋ, ಹಾಗಂದ್ಕೊಂಡ್ರೆ ಆ ಎರಡು ಮನೆಗೆ ಮತ್ತೆ ಹತ್ತಬೇಕಾಗಿಲ್ಲ ಅಂತ ಇತ್ತೋ, ನಂಗೇ ಗೊತ್ತಿಲ್ಲ.”

ಪಟ್ಟಿ ಬಿಗಿದು ಟೋಪಿ ಕೂರಿಸಿದ ಮೇಲೂ ಅವರು ಮಾಡಿನಿಂದ ಇಳಿಯಲಿಲ್ಲ. ಅಂಗಳದಿಂದ ಟೈಲರಮ್ಮ, ಕಾಫಿಯನ್ನು ಹಗ್ಗ ಕಟ್ಟಿ ಮೇಲೆ ಕಳಿಸಬೇಕೋ ಎಂದು ಕೇಳಿದರು. ಅಷ್ಟರಲ್ಲಿ ಮಸಿಯಕ್ಕನಿಗೆ ಇನ್ನೊಂದು ವಿಷಯ ನೆನಪಾಗಿತ್ತು, ಅದು ಬಾಣಕ್ಕಿಂತ ಹೆಚ್ಚು ಚುಚ್ಚಿತು. ಎರಡು ವರ್ಷದಿಂದ ಈ ಮನೆಯಲ್ಲಿ ಮಸಿ ವಿಪರೀತ ಬರುತ್ತಿತ್ತು. ಕಾಗದದಲ್ಲಿ ಕಾರಣ ಬರೆಯುವ ಸಾಲಿನಲ್ಲಿ ಅವರು ಎರಡು ಬಾರಿಯೂ ‘ಹಸಿ ಸೌದೆ’ ಎಂದು ಬರೆದಿದ್ದರು. ಈ ಮನೆಯಲ್ಲಿ ಸೌದೆ ಅತ್ತೆಯ ಇಲಾಖೆ. ನಲವತ್ತು ವರ್ಷದಿಂದ ಒಬ್ಬನೇ ಸೌದೆಯವನು, ತಟ್ಟಿ, ಸದ್ದು ಕೇಳಿ ಆರಿಸುವುದು ಅತ್ತೆ. ಮೊದಲ ಕಾಗದ ಬಂದ ಮೇಲೆಯೇ ಸೊಸೆ ಆ ಸೌದೆಯವನನ್ನು ಬಿಡಿಸಿದರು. ಸೌದೆ ಕೊಟ್ಟಿಗೆಯ ಬೀಗದ ಕೈ ಅತ್ತೆಯ ಸೊಂಟದಿಂದ ಸೊಸೆಯ ಗೋಡೆಯ ಮೊಳೆಗೆ ಹೋಯಿತು. ಆಮೇಲೆ ಮೂರು ತಿಂಗಳು ಅತ್ತೆ ಸೊಸೆ ಮಾತಾಡಿದ್ದು ಟೀವಿಯ ರಿಮೋಟಿನ ವಿಷಯ ಮಾತ್ರ.

ಮಸಿಯಕ್ಕ ಕೆಳಗಿಳಿದು, ಒಲೆ ಹಚ್ಚಬೇಡಿ, ನಾಳೆ ಬಂದು ಹೇಳುತ್ತೇನೆ ಎಂದಷ್ಟೇ ಹೇಳಿದರು. ಹದಿನೇಳು ಬಟ್ಟೆ ಸುರುಳಿಗಳನ್ನು ಟೈಲರಮ್ಮನ ಜೊತೆ ಸೇರಿ ಎದುರು ಗೋಡೆಗೆ ಸಾಗಿಸಿದರು. ಬಾಣ ಕೆಳಮುಖವಾಗಿ ಇಳಿಸಿದ ಎರಡನೆಯ ಮನೆ ಕಾಂಪೌಂಡರದು. ತಮ್ಮ ಮನೆಗೆ ಹೋಗುವ ದಾರಿಯಲ್ಲೇ ಅಲ್ಲಿಗೂ ಹೋಗಿ ನೋಡಿದರು. ಗ್ಯಾಸ್ ಹೀಟರ್ ಬಂದ ಮೇಲೆ ಅವರು ಒಲೆಯ ಬಾಯಿಗೆ ಇಟ್ಟಿಗೆ ಕಟ್ಟಿಸಿ ನಾಲ್ಕು ವರ್ಷವಾಗಿತ್ತು. ಇನ್ನು ಉಳಿದದ್ದು ಒಂದೇ ಮನೆ.

ಮನೆಯಲ್ಲಿ ಗಂಡ ಹಿತ್ತಿಲ ಕಟ್ಟೆಯ ಮೇಲೆ ಕೂತು ಬ್ರಷ್ಷಿನ ಸವೆದ ಕೂದಲು ಕೀಳುತ್ತಿದ್ದರು. ಎಲ್ಲ ಕೇಳಿಸಿಕೊಂಡರು. ಅವರು ಕೆಟ್ಟ ಮನುಷ್ಯನಲ್ಲ, ಲೆಕ್ಕಾಚಾರದ ಮನುಷ್ಯ. ಕಾಗದದ ನಕಲು ಅಗ್ನಿಶಾಮಕ ಕಚೇರಿಗೂ ಹೋಗುತ್ತದೆ, ಅದರಲ್ಲಿ ತಪ್ಪು ತನ್ನದೆಂದು ಹೆಂಡತಿ ಬರೆದರೆ ಕಚೇರಿಯವರು ವಿಚಾರಣೆ ಮುಗಿಯುವವರೆಗೆ ಸಹಿ ತಡೆಯುತ್ತಾರೆ. ವರ್ಷದ ಕೆಲಸವೆಲ್ಲ ಬರುವುದು ಚಳಿಗೆ ಮುಂಚಿನ ಈ ಎರಡು ತಿಂಗಳಲ್ಲಿ. ಒಮ್ಮೆ ತಡೆದ ಸಹಿ ವಾಪಸು ಬರುತ್ತದೆಂಬ ಖಾತರಿಯೂ ಇಲ್ಲ.

“ಹಳೇದಾಯ್ತು, ಬದಲಾಯಿಸ್ಬೇಕು ಅನ್ನು,” ಎಂದರು ಗಂಡ. “ಒಂಬತ್ತು ವರ್ಷ ಆಗಿದೆ, ಯಾರು ಕೇಳ್ತಾರೆ? ಹೊಸದು ನೆಟ್ಟಗೆ ಇಳಿಸು. ಮನೆಯೂ ಉಳೀತು, ನಿನ್ನ ಹೆಸರೂ ಉಳೀತು.”

“ಮುದುಕಿ?”

“ಯಾವ ಮುದುಕಿ?”

“ಸೌದೆ ಮುದುಕಿ. ಅವರ ಹೆಸರು?”

ಗಂಡ ಬ್ರಷ್ಷನ್ನು ತಿರುಗಿಸಿ ನೋಡಿದರು. ಅಷ್ಟು ವಯಸ್ಸಾದವರಿಗೆ ಇನ್ನು ಹೆಸರು ಯಾಕೆ ಎಂದು ಒಂದು ಮಾತು ಬಾಯಿಗೆ ಬಂದಿತ್ತಂತೆ. ಹೆಂಡತಿಯ ಮುಖ ನೋಡಿ ನುಂಗಿಕೊಂಡರು. ಬ್ರಷ್ಷಿನಿಂದ ಇನ್ನೆರಡು ಕೂದಲು ಕಿತ್ತು, ಸ್ಟೀಲಿಗೆ ಕೈಹಾಕು ಎಂದು ಅಂದು ಹೇಳಿದ್ದು ತಾನೇ, ಅದನ್ನೂ ಬೇಕಾದರೆ ಬರೆ ಎಂದರು. ಅದು ಬರೆಯುವ ಸಾಲು ಕಾಗದದಲ್ಲಿ ಇಲ್ಲ ಎಂದರು ಮಸಿಯಕ್ಕ.

ಮರುದಿನ ಅವರು ಉಪಕರಣವಿಲ್ಲದೆ, ಶುಭ್ರ ಬಟ್ಟೆಯಲ್ಲಿ ಟೈಲರಮ್ಮನ ನಡುಕೋಣೆಗೆ ಹೋದರು. ಅವರ ಕೈಗಳು ಇಷ್ಟು ಬೆಳ್ಳಗಿರುತ್ತವೆಂದು ತನಗೆ ಗೊತ್ತೇ ಇರಲಿಲ್ಲ ಎಂದರು ಟೈಲರಮ್ಮ. ಮಸಿಯಕ್ಕ ಕೂರಲಿಲ್ಲ. ಲೈನರ್ ತಲೆಕೆಳಗಾಗಿದೆ, ಇಳಿಸಿದ್ದು ನಾನು, ಒಂಬತ್ತು ವರ್ಷ ಸಹಿ ಹಾಕಿದ್ದೂ ನಾನು, ಹೊಸದರ ಖರ್ಚು ನನ್ನದು ಎಂದು ಹೇಳಿದರು. ಬಾಣದ ವಿಷಯವನ್ನು ಮೇಜಿನ ಮೇಲಿದ್ದ ನೂಲಿನ ರೀಲನ್ನು ತಲೆಕೆಳಗು ಮಾಡಿ ತೋರಿಸಿದರು.

ಟೈಲರಮ್ಮ ಮೊದಲು ಕೇಳಿದ್ದು ಮನೆ ಹೊತ್ತಿಕೊಳ್ಳಬಹುದಿತ್ತೇ ಎಂದು. ಹೌದು ಎಂದರು ಮಸಿಯಕ್ಕ. ಟೈಲರಮ್ಮ ಮಹಡಿಯ ಮೆಟ್ಟಿಲ ಕಡೆ ನೋಡಿದರು. ದಿನಕ್ಕೆ ಹತ್ತು ಗಂಟೆ ತಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತೇನೆ ಎಂದರು. ದನಿ ಏರಲಿಲ್ಲ. ಮಸಿಯಕ್ಕನಿಗೆ ಅದು ಏರಿದ್ದರೆ ಒಳ್ಳೆಯದಿತ್ತು.

“ಇನ್ನೊಂದು,” ಎಂದರು ಮಸಿಯಕ್ಕ, ಈ ಸಲ ಅತ್ತೆಯ ಕುರ್ಚಿಯ ಕಡೆ ತಿರುಗಿ. “ಅಮ್ಮಾ, ನಿಮ್ಮ ಸೌದೆ ಒಣಗೇ ಇತ್ತು. ತಪ್ಪು ಬರೆದೋಳು ನಾನು.”

ಅತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಕಿವಿಗೆ ಬೀಳಲಿಲ್ಲವೇನೋ ಎಂದು ಸೊಸೆ ಬಾಗಿದರು.

“ಕೇಳಿಸ್ತು ಕಣೆ. ಎರಡು ವರ್ಷದಿಂದ ಕಾಯ್ತಿದ್ದೀನಿ, ಒಂದು ನಿಮಿಷ ಸುಖವಾಗಿ ಕೂರೋಕೆ ಬಿಡು.” ಆಮೇಲೆ ಮಸಿಯಕ್ಕನಿಗೆ: “ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ನನ್ನ ಮೇಲೆ ಬರೆದದ್ದು ಕಾಗದದಲ್ಲಿದೆ. ಇದೂ ಕಾಗದದಲ್ಲೇ ಇರಲಿ.”

“ಬರೆದ್ರೆ ಅವರ ಸಹಿ ಹೋಗುತ್ತೆ ಅತ್ತೆ,” ಎಂದರು ಟೈಲರಮ್ಮ ಮೆಲ್ಲಗೆ. ಊರಿನಲ್ಲಿ ಅದು ಎಲ್ಲರಿಗೂ ಗೊತ್ತು.

“ನನ್ನ ಬೀಗದ ಕೈ ಹೋದಾಗ ಯಾರು ಮೆಲ್ಲಗೆ ಮಾತಾಡಿದ್ರು?”

ಮಸಿಯಕ್ಕ ಚೀಲದಿಂದ ಕಾಗದ ತೆಗೆದು ಅದೇ ಮೇಜಿನ ಮೇಲಿಟ್ಟು ಬರೆದರು. ಅವರ ಅಕ್ಷರ ದೊಡ್ಡದು, ಕಾರಣದ ಸಾಲು ಸಾಲದೆ ಪಕ್ಕದ ಖಾಲಿ ಜಾಗಕ್ಕೂ ಹರಿಯಿತು: ‘ಲೈನರ್ ತಲೆಕೆಳಗಾಗಿ ಅಳವಡಿಸಿದ್ದು ನನ್ನ ತಪ್ಪು. ಹಿಂದಿನ ಎರಡು ವರ್ಷ ಹಸಿ ಸೌದೆ ಎಂದು ಬರೆದದ್ದೂ ತಪ್ಪು. ಸೌದೆ ಒಣಗಿತ್ತು.’ ಓದಿ ಹೇಳಿದರು. ಕೊನೆಯ ವಾಕ್ಯವನ್ನು ಅತ್ತೆ ಇನ್ನೊಮ್ಮೆ ಓದಿಸಿದರು. ಟೈಲರಮ್ಮ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ಅತ್ತೆಯ ಮಡಿಲಲ್ಲಿ ಇಟ್ಟು, ಮಹಡಿ ಹತ್ತಿ ಯಂತ್ರದ ಮುಂದೆ ಕೂತರು.

ಹೊರಡುವಾಗ ಅತ್ತೆ ಮಸಿಯಕ್ಕನನ್ನು ಬಾಗಿಲಲ್ಲಿ ತಡೆದು, ಕಚೇರಿಯವರು ಕೇಳಿದರೆ ತಾನೂ ಬಂದು ಹೇಳುತ್ತೇನೆ ಎಂದರು. ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ, ಅದನ್ನು ಅಲ್ಲೇ ಹೇಳುತ್ತೇನೆ ಎಂದರು.

ಆರು ದಿನಗಳ ನಂತರ ಕಚೇರಿಯಿಂದ ಪತ್ರ ಬಂತು. ಮಸಿಯಕ್ಕನ ಸಹಿಯನ್ನು ತಡೆಹಿಡಿಯಲಾಗಿದೆ, ವಿಚಾರಣೆ ಮುಂದಿನ ತಿಂಗಳ ಹದಿನೆಂಟಕ್ಕೆ. ಟೈಲರಮ್ಮನ ಮನೆಯ ಹಳೆಯ ಲೈನರನ್ನು ಗುರುವಾರ ಬೆಳಿಗ್ಗೆ ಎಂಟಕ್ಕೆ ಎಳೆದು ತೆಗೆಯುತ್ತಾರೆ. ಪಕ್ಕದ ಊರಿನ ಕೆಲಸಗಾರ ಬರುತ್ತಾನೆ, ಕಾಗದಕ್ಕೆ ಅವನ ಸಹಿ.