ಮೈದುನ ಕಟ್ಟಿದ ನೊಣದ ಮುಸುಕು

ನನ್ನ ಮೈದುನನಿಗೆ ಕುದುರೆ ಸಾಕುವ ಯೋಗ್ಯತೆ ಇಲ್ಲವೆಂದು, ಅವನು ಬಿಳಿ ಕುದುರೆಯೊಂದನ್ನು ಆದಿವಾಲದ ನಮ್ಮ ತೋಟಕ್ಕೆ ತಂದು ಕಟ್ಟಿದ ದಿನವೇ ಹೇಳಿದ್ದೆ. ಸಾಕುವುದು ಅವನ ಉದ್ದೇಶವೂ ಆಗಿರಲಿಲ್ಲ ಬಿಡಿ. ಹಿರಿಯೂರಿನ ಮದುವೆ ಮೆರವಣಿಗೆಗಳಿಗೆ ಕುದುರೆ ಕಳಿಸುವ ದೊಡ್ಡ ಮನುಷ್ಯ ಅನ್ನಿಸಿಕೊಳ್ಳಬೇಕು, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಅಷ್ಟೇ. ಹುಲ್ಲು, ನೀರು, ಲದ್ದಿ ನನ್ನ ಪಾಲಿಗೆ ಬಂದವು.

ಲದ್ದಿಗೆ ದೂರದಲ್ಲಿ ಒಂದು ಗುಂಡಿ ತೋಡಿಸು ಎಂದು ಬಾಯಿ ನೋಯುವಷ್ಟು ಹೇಳಿದೆ. ನಾಳೆ ನಾಳೆ ಎಂದ. ಒಂದೆರಡು ಮಳೆ ಬಿದ್ದದ್ದೇ ತಡ, ಕೊಟ್ಟಿಗೆಯ ಪಕ್ಕದ ಲದ್ದಿ ಗುಡ್ಡೆಯಿಂದ ನೊಣ ಎದ್ದವು. ಕುದುರೆಯ ಕಣ್ಣಿನ ಮೂಲೆಯಲ್ಲಿ ಮುತ್ತಿಕೊಂಡು ಕೂತವು. ತಲೆ ಕೊಡವಿ ಕೊಡವಿ ಅದು ಸುಸ್ತಾಯಿತು. ಗುಂಡಿ ತೋಡಿಸಲಾಗದ ಮಹಾಶಯ ಮೊಬೈಲಿನಲ್ಲಿ ಬೆರಳಾಡಿಸಿ ನೊಣದ ಮುಸುಕು ತರಿಸಿದ. ಕಣ್ಣು, ಕೆನ್ನೆ ಮುಚ್ಚುವ ಜಾಲರಿ ಅದು. ಕುದುರೆಗೆ ಹೊರಗೆ ಕಾಣುತ್ತದೆ, ನೊಣ ಒಳಗೆ ಬರುವುದಿಲ್ಲ. ವಸ್ತುವೇನೋ ಒಳ್ಳೆಯದೇ. ಸೇರಿದ ಕೈ ಮಾತ್ರ ಕೆಟ್ಟದ್ದು.

ಪಟ್ಟಿಯನ್ನು ಅವನು ಬಿಗಿದ ರೀತಿಗೆ ಜಾಲರಿ ರೆಪ್ಪೆಗೂದಲಿಗೇ ತಾಗುತ್ತಿತ್ತು.

“ಸ್ವಲ್ಪ ಸಡಿಲ ಮಾಡಪ್ಪ, ಕಣ್ಣಿಗೆ ತಾಗ್ತೈತೆ. ಸಂಜಿಗೆ ಬಿಚ್ಚು, ಕತ್ತಲಾಗೆ ಅದಕ್ಕೇನು ಕಾಣ್ತೈತೆ?” ಎಂದೆ.

“ಬಿಚ್ಚಬ್ಯಾಡ್ರಿ ಅತ್ತಿಗೆ. ನೊಣಕ್ಕಿಂತ ಊರೋರ ಕಣ್ಣು ಕೆಟ್ಟದ್ದು. ಇದು ಮುಖದ ಮ್ಯಾಲಿದ್ರೆ ದೃಷ್ಟಿ ತಾಗಲ್ಲ” ಎಂದು ಹೇಳಿ, ಜಾಲರಿಯ ಮೇಲೆ ಒಂದು ಕಾಡಿಗೆ ಬೊಟ್ಟನ್ನೂ ಇಟ್ಟ. ಡಿಗ್ರಿ ಓದಿದ ಮನುಷ್ಯ! ಅವನಿಗೆ ಪಾಠ ಹೇಳಿದ ಮೇಷ್ಟ್ರುಗಳ ಬಗ್ಗೆ ನನಗೆ ಮರುಕ ಹುಟ್ಟಿತು.

ಅಮ್ಮನಿಗೆ ಹುಷಾರಿಲ್ಲವೆಂದು ನಾನು ಮಾಡದಕೆರೆಯ ತವರಿಗೆ ಹೋಗಬೇಕಾಯಿತು. ದಿನಾ ಸಂಜೆ ಮುಸುಕು ಬಿಚ್ಚಿ ಎಂದು ಯಜಮಾನರಿಗೆ ಹೇಳಿ ಹೋದೆ. ತಮ್ಮನ ಮಾತು ಮೀರುವ ಗಂಡಸಲ್ಲ ಅವರು. ವಾರ ಕಳೆದು ಬಂದಾಗ ಕುದುರೆ ಎಡಗೆನ್ನೆಯನ್ನು ಗೋಡೆಗೆ ಉಜ್ಜುತ್ತ ನಿಂತಿತ್ತು. ಜಾಲರಿಯಲ್ಲಿ ಧೂಳು, ಕೀವು ಸೇರಿ ರೊಚ್ಚೆಯಾಗಿತ್ತು. ಮುಸುಕಿಗೆ ಕೈ ಹಾಕಿದ ಕೂಡಲೇ ಮೈದುನ ಓಡಿಬಂದ.

“ಅತ್ತಿಗೆ, ದೃಷ್ಟಿ...”

“ಮುಚ್ಚಲೇ ಬಾಯಿ! ಡಾಕ್ಟ್ರಿಗೆ ಫೋನ್ ಮಾಡು” ಎಂದೆ. ಪಟ್ಟಿ ಉಜ್ಜಿದ ಕಡೆ ಚರ್ಮ ಕಿತ್ತುಹೋಗಿತ್ತು. ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. ನನಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಅವನಿಗೆ ಬಾರಿಸಬೇಕೆನ್ನಿಸಿತು.

ಹಿರಿಯೂರಿನಿಂದ ಬಂದ ಪಶುವೈದ್ಯೆ ರೆಪ್ಪೆಯ ಅಡಿಯಿಂದ ಹುಲ್ಲಿನ ಮುಳ್ಳೊಂದನ್ನು ಎಳೆದು ತೆಗೆದರು. ಮೇಯುವಾಗ ಮುಸುಕಿನೊಳಗೆ ನುಗ್ಗಿದ್ದು ಹೊರಬರಲಾಗದೆ ಕಣ್ಣನ್ನು ಗೀರುತ್ತ ಕೂತಿತ್ತು.

“ಮುಸುಕು ಹಾಕಿದ್ದು ತಪ್ಪಲ್ಲ. ದಿನಾ ಬಿಚ್ಚಿ ಕಣ್ಣು ನೋಡಿದ್ರೆ ಆವತ್ತೇ ಸಿಗ್ತಿತ್ತು” ಎಂದರು.

“ಯಾರದ್ದೋ ಕಣ್ಣು ಬಿತ್ತು ಮೇಡಂ” ಎಂದ ಮೈದುನ. ಅವರು ಅವನನ್ನೊಮ್ಮೆ ನೋಡಿ, ಸೋಪು ಕೇಳಿ ಕೈ ತೊಳೆದುಕೊಂಡರು.

ಔಷಧಿ ಬಿಟ್ಟದ್ದೇ ಬಂತು, ಎಡಗಣ್ಣು ಬೆಳ್ಳಗಾಗಿ ಹೋಯಿತು. ಉಳಿದ ಕಣ್ಣಾದರೂ ಉಳಿಯಲೆಂದು ಈಗ ಮುಸುಕು ಹಾಕುವವಳು ನಾನೇ. ಜಾಲರಿ ಕಣ್ಣಿಗೆ ತಾಗದಂತೆ, ಪಟ್ಟಿಯಡಿ ಬೆರಳು ಆಡುವಂತೆ ಬೆಳಿಗ್ಗೆ ಕಟ್ಟುತ್ತೇನೆ. ಸಂಜೆ ಬಿಚ್ಚಿ, ಕಣ್ಣು ನೋಡಿ, ಮುಸುಕನ್ನು ಒಗೆದು ಒಣಹಾಕುತ್ತೇನೆ. ಲದ್ದಿಯ ಗುಂಡಿಯನ್ನೂ ನಾನೇ ಆಳು ಹಿಡಿದು ತೋಡಿಸಿದೆ.

ಮೈದುನನಿಗೆ ಆಗಾಗ ಪ್ರೀತಿ ಉಕ್ಕುತ್ತದೆ. ಬೆಲ್ಲದ ಚೂರು ಹಿಡಿದು ಬಂದು ಕುದುರೆಯ ಎಡಗಡೆ ನಿಂತು ಕೈ ಚಾಚುತ್ತಾನೆ. ಅದು ತಿರುಗಿ ನೋಡದಿದ್ದರೆ, “ಎಷ್ಟು ಸೊಕ್ಕು ನೋಡ್ರಿ ಅತ್ತಿಗೆ” ಎನ್ನುತ್ತಾನೆ. ಯಾವ ಕಣ್ಣು ಹೋಗಿದೆ ಎಂಬುದೂ ಅವನಿಗೆ ನೆನಪಿಲ್ಲ.